ಮೊದಲ ಮಹಾಯುದ್ಧದ ಕಾರಣಗಳನ್ನು ಓದುವುದು ಹೇಗೆ? ಪಟ್ಟಿ ಬದಿಗಿಟ್ಟು ಗಂಟೆಗಳ ಲೆಕ್ಕ ಹಿಡಿಯಿರಿ

ಪ್ರಶ್ನೆ: ನಾನು ಇತಿಹಾಸ ಎಂ.ಎ. ಓದುತ್ತಿದ್ದೇನೆ. ಮೊದಲ ಮಹಾಯುದ್ಧದ ಕಾರಣ ಎಂದಾಗಲೆಲ್ಲ ಸಾಮ್ರಾಜ್ಯಶಾಹಿ, ಉಗ್ರ ರಾಷ್ಟ್ರೀಯತೆ, ಸೈನಿಕವಾದ, ರಹಸ್ಯ ಒಪ್ಪಂದಗಳು, ಕೊನೆಗೆ ‘ತಕ್ಷಣದ ಕಾರಣ’ವಾಗಿ ಸರಯೆವೊ ಕೊಲೆ ಎಂಬ ಪಟ್ಟಿಯೇ ಸಿಗುತ್ತದೆ. ಒಂದು ಕೊಲೆಯಾದ ಐದು ವಾರಕ್ಕೆ ಯುರೋಪೆಲ್ಲ ಯಾಕೆ ಯುದ್ಧಕ್ಕಿಳಿಯಿತು ಅನ್ನುವುದು ಇದರಿಂದ ತಿಳಿಯುವುದಿಲ್ಲ. ಒಬ್ಬರು ಜರ್ಮನಿಯ ತಪ್ಪು ಅನ್ನುತ್ತಾರೆ, ಇನ್ನೊಬ್ಬರು ರಷ್ಯಾದ್ದು, ಮತ್ತೊಬ್ಬರು ಎಲ್ಲರದ್ದೂ. ಯುದ್ಧದ ಮೊದಲ ತಿಂಗಳುಗಳಂತೂ ಊರು, ಜನರಲ್‌ಗಳ ಹೆಸರಿನ ರಾಶಿ. ಇದನ್ನು ಕ್ರಮವಾಗಿ ಓದುವ ದಾರಿ ಯಾವುದು?

ಉತ್ತರ: ನೀವು ಹೇಳಿದ ಪಟ್ಟಿಯಲ್ಲಿ ಸುಳ್ಳೇನಿಲ್ಲ. ಆದರೆ ಅದರಲ್ಲಿರುವುದೆಲ್ಲ 1911ರಲ್ಲೂ ಇತ್ತು. ಆ ವರ್ಷ ಜರ್ಮನಿಯ ಯುದ್ಧನೌಕೆ ಮೊರಾಕೊದ ಅಗಾದಿರ್ ಬಂದರಿಗೆ ಹೋಗಿ ಫ್ರಾನ್ಸ್ ಮತ್ತು ಬ್ರಿಟನ್ ಎರಡನ್ನೂ ಕೆರಳಿಸಿತು, ಯುದ್ಧವಾಗಲಿಲ್ಲ. 1912ರ ಕೊನೆಗೆ ಬಾಲ್ಕನ್ ಯುದ್ಧ ನಡೆಯುತ್ತಿದ್ದಾಗ ಆಸ್ಟ್ರಿಯಾ-ಹಂಗೆರಿಯೂ ರಷ್ಯಾವೂ ಗಡಿಯ ಎರಡು ಬದಿಗೆ ಸೈನ್ಯ ಹೆಚ್ಚಿಸಿಕೊಂಡು ನಿಂತವು, ಆಗಲೂ ಆಗಲಿಲ್ಲ. ಹಾಗಾಗಿ ಮೊದಲು ಪ್ರಶ್ನೆಯನ್ನೇ ಎರಡಾಗಿ ಒಡೆಯಿರಿ. ದೊಡ್ಡ ಯುದ್ಧ ಸಾಧ್ಯವಾಗುವ ಸ್ಥಿತಿಗೆ ಯುರೋಪ್ ಬಂದದ್ದು ಹೇಗೆ ಎಂಬುದು ಒಂದು. ಹಿಂದಿನ ಬಿಕ್ಕಟ್ಟುಗಳೆಲ್ಲ ತಣ್ಣಗಾದವು, 1914ರ ಜುಲೈನದ್ದು ಮಾತ್ರ ಯಾಕೆ ತಣ್ಣಗಾಗಲಿಲ್ಲ ಎಂಬುದು ಇನ್ನೊಂದು. ಪಠ್ಯಪುಸ್ತಕದ ಪಟ್ಟಿ ಮೊದಲನೆಯದಕ್ಕೆ ಉತ್ತರ. ಎರಡನೆಯದಕ್ಕೆ ಉತ್ತರ ಸಿಗುವುದು ದಿನಾಂಕ ಮತ್ತು ಗಡಿಯಾರ ಹಿಡಿದು ಓದಿದಾಗ. ನಿಮ್ಮನ್ನು ಕಾಡುತ್ತಿರುವುದೂ ಎರಡನೆಯದೇ.

ಕೋಷ್ಟಕ ಮಾಡಿಕೊಳ್ಳುವ ಬಗೆ

ದೊಡ್ಡ ಹಾಳೆ ಅಡ್ಡಕ್ಕೆ ಇಟ್ಟುಕೊಳ್ಳಿ. ಕಂಪ್ಯೂಟರಿನಲ್ಲಿ ಮಾಡಿದರೂ ಆದೀತು. ಆರು ಕಾಲಂ ಹಾಕಿ: ವಿಯೆನ್ನಾ, ಬೆಲ್‌ಗ್ರೇಡ್, ಬರ್ಲಿನ್, ಸೇಂಟ್ ಪೀಟರ್ಸ್‌ಬರ್ಗ್, ಪ್ಯಾರಿಸ್, ಲಂಡನ್. ಆಗಸ್ಟ್ 2ರಿಂದ ಬ್ರಸೆಲ್ಸ್‌ಗೆ ಏಳನೆಯದು ಬೇಕಾಗುತ್ತದೆ. ಜೂನ್ 28ರಿಂದ ಜುಲೈ 22ರವರೆಗೆ ದಿನಕ್ಕೊಂದು ಸಾಲು ಸಾಕು, ಅದರಲ್ಲೂ ಎಷ್ಟೋ ಖಾಲಿ ಉಳಿಯುತ್ತವೆ. ಜುಲೈ 23ರಿಂದ ಆಗಸ್ಟ್ 4ರವರೆಗೆ ಪ್ರತಿ ದಿನವನ್ನೂ ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಎಂದು ನಾಲ್ಕಾಗಿ ಒಡೆಯಬೇಕು.

ಪ್ರತಿ ಮನೆಯಲ್ಲಿ ಮೂರು ವಿಷಯ ಬರೆಯಿರಿ. ಯಾರು ಏನು ಮಾಡಿದರು. ಅದನ್ನು ಮಾಡುವಾಗ ಬೇರೆ ರಾಜಧಾನಿಗಳಲ್ಲಿ ಆಗಿದ್ದರ ಬಗ್ಗೆ ಅವರಿಗೆ ಏನು ಗೊತ್ತಿತ್ತು. ತಂತಿ ಕಳಿಸಿದ ಹೊತ್ತು ಯಾವುದು, ತಲುಪಿದ ಹೊತ್ತು ಯಾವುದು. ಎರಡನೆಯದನ್ನು ತುಂಬಲಾಗದಿದ್ದರೆ ಆ ಘಟನೆಯನ್ನು ಇನ್ನೊಂದರ ಕಾರಣ ಎಂದು ಬರೆಯಬೇಡಿ. ಈ ಒಂದು ನಿಯಮ ಪಾಲಿಸಿದರೂ ಸಾಕು, ಸಾಮಾನ್ಯ ಪುಸ್ತಕಗಳ ಅರ್ಧಕ್ಕರ್ಧ ‘ಆದ್ದರಿಂದ’ಗಳು ನಿಲ್ಲುವುದಿಲ್ಲ ಎಂದು ನಿಮಗೇ ಕಾಣುತ್ತದೆ.

ಎರಡು ಕಡೆ ಎಡವುವವರು ಬಹಳ. ಮೊದಲನೆಯದು ಪಂಚಾಂಗ. ರಷ್ಯಾ ಮತ್ತು ಸರ್ಬಿಯಾ ಆಗ ಹಳೆಯ ಜೂಲಿಯನ್ ಕ್ಯಾಲೆಂಡರ್ ಬಳಸುತ್ತಿದ್ದವು, ಅದು 13 ದಿನ ಹಿಂದೆ. ರಷ್ಯಾದ ಕಾಗದದಲ್ಲಿ ಜುಲೈ 17 ಎಂದಿದ್ದರೆ ಅದು ನಮ್ಮ ಲೆಕ್ಕದ ಜುಲೈ 30. ಎಷ್ಟೋ ಕಡೆ 17/30 ಎಂದೇ ಮುದ್ರಿಸಿರುತ್ತಾರೆ. ಎರಡನೆಯದು ಗಡಿಯಾರ. ಬರ್ಲಿನ್ ಲಂಡನ್‌ಗಿಂತ ಒಂದು ಗಂಟೆ ಮುಂದೆ, ಪೀಟರ್ಸ್‌ಬರ್ಗ್ ಸುಮಾರು ಎರಡು ಗಂಟೆ ಮುಂದೆ. ಬ್ರಿಟನ್ ಕೊಟ್ಟ ಗಡುವು ಆಗಸ್ಟ್ 4ರ ರಾತ್ರಿ 11ಕ್ಕೆ ಮುಗಿಯಿತು ಎಂದು ಒಂದು ಪುಸ್ತಕ, ಮಧ್ಯರಾತ್ರಿಗೆ ಎಂದು ಇನ್ನೊಂದು ಹೇಳಿದರೆ ಎರಡೂ ಸರಿಯೇ, ಊರು ಬೇರೆ. ಎಲ್ಲವನ್ನೂ ಲಂಡನ್ ಹೊತ್ತಿಗೆ ತಂದುಕೊಂಡು ಪಕ್ಕದಲ್ಲಿ ಸ್ಥಳೀಯ ಹೊತ್ತು ಬರೆಯಿರಿ.

ಮೊದಲ ನಾಲ್ಕು ವಾರ

ಜೂನ್ 28ರಂದು ಸರಯೆವೊದಲ್ಲಿ ಗವ್ರಿಲೊ ಪ್ರಿನ್ಸಿಪ್ ಎಂಬ 19ರ ಹುಡುಗ ಆಸ್ಟ್ರಿಯಾ-ಹಂಗೆರಿಯ ಯುವರಾಜ ಫ್ರಾಂಜ್ ಫರ್ಡಿನಾಂಡ್‌ನನ್ನೂ ಪತ್ನಿ ಸೋಫಿಯನ್ನೂ ಕೊಂದ. ಆಯುಧ ಬಂದದ್ದು ಸರ್ಬಿಯಾದ ಸೇನಾ ಬೇಹುಗಾರಿಕೆಯ ಮುಖ್ಯಸ್ಥ ದಿಮಿತ್ರಿಯೆವಿಚ್‌ನ ಗುಪ್ತ ಜಾಲದ ಮೂಲಕ. ಇಷ್ಟು ಎಲ್ಲರಿಗೂ ಗೊತ್ತು. ಅನಂತರ ಜುಲೈ 23ರವರೆಗೆ ಏನೂ ಆಗಲಿಲ್ಲ ಎಂಬಂತೆ ಪಠ್ಯಗಳು ದಾಟಿಬಿಡುತ್ತವೆ. ದಾಟಬೇಡಿ, ಎಲ್ಲಕ್ಕಿಂತ ತೂಕದ ನಿರ್ಧಾರ ಬಿದ್ದದ್ದು ಇಲ್ಲಿಯೇ. ಜುಲೈ 5 ಮತ್ತು 6ರಂದು ವಿಯೆನ್ನಾದಿಂದ ಹೋದ ವಿದೇಶಾಂಗ ಇಲಾಖೆಯ ಅಧಿಕಾರಿ ಕೌಂಟ್ ಹೋಯೋಸ್ ಬರ್ಲಿನ್‌ನಲ್ಲಿದ್ದ. ಸರ್ಬಿಯಾ ವಿಷಯದಲ್ಲಿ ಆಸ್ಟ್ರಿಯಾ ಏನು ಮಾಡಿದರೂ, ರಷ್ಯಾ ಮಧ್ಯೆ ಬಂದರೂ, ಜರ್ಮನಿ ಜೊತೆಗಿರುತ್ತದೆ ಎಂದು ಕೈಸರ್ (ಜರ್ಮನ್ ಸಾಮ್ರಾಟ) ವಿಲ್‌ಹೆಲ್ಮ್ ಮತ್ತು ಚಾನ್ಸಲರ್ ಬೆತ್‌ಮನ್ ಹೋಲ್ವೆಗ್ ಮಾತು ಕೊಟ್ಟರು. ‘ಖಾಲಿ ಚೆಕ್’ ಎಂದು ಹೆಸರಾದದ್ದು ಇದೇ. ಬೇಗ ಮುಗಿಸಿ ಎಂಬ ಒತ್ತಾಯವೂ ಬರ್ಲಿನ್‌ನಿಂದಲೇ ಬಂತು.

ಬೇಗ ಮುಗಿಯಲಿಲ್ಲ. ಯಾಕೆ ಎಂಬುದಕ್ಕೆ ಮೂರು ಗಟ್ಟಿ ಕಾರಣಗಳಿವೆ. ಹಂಗೆರಿಯ ಪ್ರಧಾನಿ ಟಿಸಾ ಯುದ್ಧಕ್ಕೆ ಒಪ್ಪಿರಲಿಲ್ಲ, ಅವನು ಒಪ್ಪಿದ್ದು ಜುಲೈ 14ಕ್ಕೆ. ಸುಗ್ಗಿಯ ಕೆಲಸಕ್ಕೆಂದು ಆಸ್ಟ್ರಿಯಾದ ಸೈನಿಕರಲ್ಲಿ ಬಹಳಷ್ಟು ಜನ ರಜೆಯಲ್ಲಿದ್ದರು. ರಜೆ ಮುಗಿಯುವುದು ಜುಲೈ 25ರ ಸುಮಾರಿಗೆ, ನಡುವೆ ಕರೆಸಿದರೆ ಬೆಳೆಯೂ ಕೆಡುತ್ತದೆ, ಗುಟ್ಟೂ ಬಯಲಾಗುತ್ತದೆ. ಮೂರನೆಯದು, ಫ್ರಾನ್ಸ್‌ನ ಅಧ್ಯಕ್ಷ ಪ್ವಾಂಕಾರೆ ಮತ್ತು ಪ್ರಧಾನಿ ವಿವಿಯಾನಿ ಜುಲೈ 20ರಿಂದ 23ರವರೆಗೆ ರಷ್ಯಾದಲ್ಲೇ ಇದ್ದರು. ಅವರು ಹಡಗು ಹತ್ತುವವರೆಗೆ ಕಾದು, ಆಸ್ಟ್ರಿಯಾದವರು 23ರ ಸಂಜೆ 6ಕ್ಕೆ ಬೆಲ್‌ಗ್ರೇಡ್‌ನಲ್ಲಿ ಅಂತಿಮ ಎಚ್ಚರಿಕೆ ಕೊಟ್ಟರು. ಈ ತಡದ ಬೆಲೆ ದೊಡ್ಡದು. ಕೊಲೆಯಾದ ವಾರದಲ್ಲಿ ಯುರೋಪಿನ ರಾಜಮನೆತನಗಳೆಲ್ಲ ಆಸ್ಟ್ರಿಯಾದ ಕಡೆ ಮರುಗಿದ್ದವು. ಸುಮಾರು ನಾಲ್ಕು ವಾರದ ಮೇಲೆ ಅದೇ ಬೇಡಿಕೆ ಯುದ್ಧಕ್ಕೆ ನೆಪ ಹುಡುಕಿದಂತೆ ಕಂಡಿತು.

ಎಚ್ಚರಿಕೆಯಲ್ಲಿ ಹತ್ತು ಬೇಡಿಕೆ, 48 ಗಂಟೆಯ ಗಡುವು. ‘ಸರ್ಬಿಯಾ ಒಪ್ಪಲಿಲ್ಲ’ ಎಂದು ಬರೆದರೆ ತಪ್ಪಾಗುತ್ತದೆ, ‘ಒಂದು ಬಿಟ್ಟು ಎಲ್ಲಕ್ಕೂ ಒಪ್ಪಿತು’ ಎಂದರೂ ಅಷ್ಟೇ ತಪ್ಪು. ಹಲವು ಬೇಡಿಕೆಗಳಿಗೆ ಷರತ್ತು ಸೇರಿಸಿ ಜಾಣತನದಿಂದ ಒಪ್ಪಿತು. ಕೊಲೆಯ ತನಿಖೆಯಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ಭಾಗವಹಿಸಬೇಕೆಂಬ ಆರನೆಯ ಬೇಡಿಕೆಯನ್ನು ಮಾತ್ರ ನೇರವಾಗಿ ನಿರಾಕರಿಸಿತು. ಉತ್ತರ ಕೈಗೆ ಬರುವ ಮುಂಚೆಯೇ ಆಸ್ಟ್ರಿಯಾದ ರಾಯಭಾರಿ ಗೀಸ್ಲ್ ಸಾಮಾನು ಕಟ್ಟಿಯಾಗಿತ್ತು. 25ರ ಸಂಜೆ ಆರೂವರೆಯ ರೈಲಿಗೆ ಅವನು ಹೊರಟುಹೋದ. ಅದೇ ಮಧ್ಯಾಹ್ನ, ಉತ್ತರ ಕೊಡುವ ಮೊದಲೇ, ಸರ್ಬಿಯಾವೂ ತನ್ನ ಸೈನ್ಯಕ್ಕೆ ಕರೆ ಕೊಟ್ಟಿತ್ತು. ಈ ಎರಡನ್ನೂ ಕೋಷ್ಟಕದ ಒಂದೇ ಸಾಲಿನಲ್ಲಿ ಬರೆದು ನೋಡಿ.

ಜುಲೈ 28: ಮಾದರಿಗೆ ಒಂದು ದಿನ

ಈ ಕ್ರಮದಲ್ಲಿ ಓದಿದರೆ ಏನು ಸಿಗುತ್ತದೆ ಎಂಬುದಕ್ಕೆ ಜುಲೈ 28 ಒಳ್ಳೆಯ ಉದಾಹರಣೆ. ಕೈಸರ್ ನಾರ್ವೆ ಕಡೆಯ ನೌಕಾ ಪ್ರವಾಸ ಮುಗಿಸಿ ಹಿಂದಿನ ದಿನವಷ್ಟೇ ಮರಳಿದ್ದ. 28ರ ಬೆಳಿಗ್ಗೆ ಸರ್ಬಿಯಾದ ಉತ್ತರ ಓದಿ, ಯುದ್ಧಕ್ಕೆ ಇನ್ನು ಕಾರಣವೇ ಉಳಿದಿಲ್ಲ, ಸರ್ಬಿಯಾ ಕೊಟ್ಟ ಮಾತು ಉಳಿಸಿಕೊಳ್ಳುವವರೆಗೆ ಬೆಲ್‌ಗ್ರೇಡ್ ನಗರವನ್ನಷ್ಟೇ ಒತ್ತೆ ಹಿಡಿದರೆ ಸಾಕು ಎಂದು ವಿದೇಶಾಂಗ ಕಾರ್ಯದರ್ಶಿ ಯಾಗೋಗೆ ಬರೆದ. ಅದೇ ದಿನ ಹನ್ನೊಂದು ಗಂಟೆ ಸುಮಾರಿಗೆ ವಿಯೆನ್ನಾ ತಂತಿಯ ಮೂಲಕ ಸರ್ಬಿಯಾದ ಮೇಲೆ ಯುದ್ಧ ಘೋಷಿಸಿಬಿಟ್ಟಿತು. ಕೈಸರ್‌ನ ಮಾತನ್ನು ಬೆತ್‌ಮನ್ ವಿಯೆನ್ನಾಕ್ಕೆ ಕಳಿಸಿದ್ದು ರಾತ್ರಿ, ಅದೂ ತಿದ್ದಿ: ನಾವು ನಿಮ್ಮನ್ನು ತಡೆಯುತ್ತಿದ್ದೇವೆ ಎಂಬ ಭಾವನೆ ಬರಬಾರದು ಎಂಬ ಸೂಚನೆಯ ಜೊತೆಗೆ.

ಈ ಸಾಲು ತುಂಬಿದವರು ‘ಕೈಸರ್‌ಗೆ ಯುದ್ಧವೇ ಬೇಕಿತ್ತು’ ಎಂದೂ ಬರೆಯಲಾರರು, ‘ಜರ್ಮನಿ ಶಾಂತಿಗೆ ಯತ್ನಿಸಿತು’ ಎಂದೂ ಬರೆಯಲಾರರು. ಸಾಮ್ರಾಟನ ಇಚ್ಛೆ ಅವನದೇ ಚಾನ್ಸಲರ್‌ನ ಕಚೇರಿಯಲ್ಲಿ ಇಡೀ ದಿನ ಕೂತಿತ್ತು ಎಂಬುದು ಕಾಣುತ್ತದೆ. ‘ಜರ್ಮನಿ ಬಯಸಿತು’, ‘ರಷ್ಯಾ ಹೆದರಿತು’ ಎಂದು ದೇಶವನ್ನು ಒಬ್ಬ ವ್ಯಕ್ತಿಯಂತೆ ಬರೆಯುವುದನ್ನು ಅಲ್ಲಿಗೆ ಬಿಡಬೇಕು. ಯಾರು, ಯಾವ ಕಚೇರಿ ಎಂದು ಬರೆಯಿರಿ.

ಅದೇ ಸಾಲಿನಿಂದ ಇನ್ನೊಂದು ವಿಷಯ ಹೊರಡುತ್ತದೆ. ಆಸ್ಟ್ರಿಯಾದ ಸೈನ್ಯ ಸರ್ಬಿಯಾದೊಳಗೆ ನುಗ್ಗಿದ್ದು ಆಗಸ್ಟ್ 12ಕ್ಕೆ. ಎರಡು ವಾರಕ್ಕೆ ಮೊದಲು ಸೈನ್ಯ ತಯಾರಿರುವುದಿಲ್ಲ ಎಂದು ಸೇನಾ ಮುಖ್ಯಸ್ಥ ಕೊನ್ರಾಡ್ ಹೇಳಿದ್ದರೂ ವಿದೇಶಾಂಗ ಸಚಿವ ಬೆರ್ಕ್‌ಟೋಲ್ಡ್ ಘೋಷಣೆಗೆ ಅವಸರ ಮಾಡಿದ. ಬ್ರಿಟನ್‌ನ ವಿದೇಶಾಂಗ ಸಚಿವ ಗ್ರೇ 26ರಂದು ನಾಲ್ಕು ದೇಶಗಳ ಸಭೆ ಸೇರಿಸುವ ಸಲಹೆ ಮುಂದಿಟ್ಟಿದ್ದ. ಘೋಷಣೆಯಾಗಿಬಿಟ್ಟರೆ ಮಧ್ಯಸ್ಥಿಕೆಗೆ ದಾರಿ ಮುಚ್ಚುತ್ತದೆ ಎಂಬುದು ಬೆರ್ಕ್‌ಟೋಲ್ಡ್‌ನ ಲೆಕ್ಕ.

ಸೇನಾ ಜಮಾವಣೆ: ಇಲ್ಲಿ ನಿಧಾನವಾಗಿ ಓದಿ

ಜುಲೈ 29, 30, 31. ನಿಮ್ಮ ಸಮಯದ ಅರ್ಧ ಭಾಗ ಈ ಮೂರು ದಿನಕ್ಕೆ ಹೋಗಲಿ. ಇವು ಅರ್ಥವಾಗಬೇಕಾದರೆ ಸೇನಾ ಜಮಾವಣೆ ಎಂದರೇನು ಎಂದು ಮೊದಲು ತಿಳಿದಿರಬೇಕು. ಶಾಂತಿಕಾಲದಲ್ಲಿ ಬ್ಯಾರಕ್ಕಿನಲ್ಲಿ ಇರುವುದು ಸೈನ್ಯದ ಒಂದು ಭಾಗ ಮಾತ್ರ. ಉಳಿದವರು ತರಬೇತಿ ಮುಗಿಸಿ ಊರಿಗೆ ಹೋದ ಮೀಸಲು ಸೈನಿಕರು: ರೈತರು, ಗುಮಾಸ್ತರು, ಕಾರ್ಮಿಕರು. ಅವರನ್ನು ಕರೆಸಿ, ಬಟ್ಟೆ, ಬಂದೂಕು ಕೊಟ್ಟು, ಕುದುರೆಗಳನ್ನು ಊರೂರಿನಿಂದ ವಶಪಡಿಸಿಕೊಂಡು, ರೈಲು ಹತ್ತಿಸಿ ಗಡಿಗೆ ಸಾಗಿಸುವುದೇ ಜಮಾವಣೆ. ಜರ್ಮನಿ 1914ರಲ್ಲಿ ಹೀಗೆ ಸುಮಾರು 31 ಲಕ್ಷ ಜನರನ್ನೂ 8 ಲಕ್ಷ 60 ಸಾವಿರ ಕುದುರೆಗಳನ್ನೂ ಸುಮಾರು 11,000 ರೈಲುಗಳಲ್ಲಿ ಸಾಗಿಸಿತು. ಕಲೋನ್ ನಗರದ ರೈನ್ ನದಿ ಸೇತುವೆಯೊಂದರ ಮೇಲೆಯೇ ಆಗಸ್ಟ್ 2ರಿಂದ 18ರವರೆಗೆ 2,150 ರೈಲುಗಳು ದಾಟಿದವು, ಅಂದರೆ ಸುಮಾರು ಹತ್ತು-ಹನ್ನೊಂದು ನಿಮಿಷಕ್ಕೊಂದು. ಇಷ್ಟು ಬಿಗಿಯಾದ ವೇಳಾಪಟ್ಟಿಯನ್ನು ನಡುವೆ ತಿರುಗಿಸಲು ಬರುವುದಿಲ್ಲ.

ಈಗ ಯೋಜನೆಗಳನ್ನು ಪಕ್ಕಪಕ್ಕ ಇಡಿ. ರಷ್ಯಾ ದೊಡ್ಡ ದೇಶ, ರೈಲು ಕಡಿಮೆ, ಆದ್ದರಿಂದ ಅದರ ಸೈನ್ಯ ಸೇರುವುದು ನಿಧಾನ. ಆ ನಿಧಾನವನ್ನೇ ನಂಬಿ ಜರ್ಮನಿಯ ಯೋಜನೆ ನಿಂತಿತ್ತು: ಸುಮಾರು 40 ದಿನದಲ್ಲಿ ಫ್ರಾನ್ಸನ್ನು ಸೋಲಿಸಿ ಆಮೇಲೆ ಪೂರ್ವಕ್ಕೆ ತಿರುಗುವುದು. ಅಂದಮೇಲೆ ರಷ್ಯಾ ಒಂದು ದಿನ ಮೊದಲು ಶುರುಮಾಡಿದರೆ ಆ ನಲವತ್ತರಲ್ಲಿ ಒಂದು ದಿನ ಕಡಿಮೆಯಾದಂತೆ. ಜಮಾವಣೆ ಶುರುವಾದ 15ನೆಯ ದಿನಕ್ಕೆ ದಾಳಿ ಮಾಡುತ್ತೇವೆ ಎಂದು ರಷ್ಯಾ ಫ್ರಾನ್ಸ್‌ಗೆ ಮಾತು ಕೊಟ್ಟಿತ್ತು. 1917ಕ್ಕೆ ಮುಗಿಯಬೇಕಿದ್ದ ರಷ್ಯಾದ ದೊಡ್ಡ ಸೇನಾ ವಿಸ್ತರಣೆ, ಫ್ರೆಂಚ್ ಸಾಲದಲ್ಲಿ ಹಾಕುತ್ತಿದ್ದ ರೈಲುಮಾರ್ಗಗಳು ಬರ್ಲಿನ್‌ನ ಜನರಲ್‌ಗಳ ನಿದ್ದೆ ಕೆಡಿಸಿದ್ದವು. ಯುದ್ಧ ಆಗುವುದಾದರೆ ಈಗಲೇ ಆಗಲಿ ಎಂದು ಸೇನಾ ಮುಖ್ಯಸ್ಥ ಮೋಲ್ಟ್ಕೆ 1912ರ ಡಿಸೆಂಬರ್ 8ರ ಸಭೆಯಲ್ಲೇ ಹೇಳಿದ್ದ. ಪಠ್ಯದಲ್ಲಿ ‘ಸೈನಿಕವಾದ’ ಎಂಬ ಒಂದು ಪದದೊಳಗೆ ಅಡಗಿರುವ ನಿಜವಾದ ಸರಕು ಇದು.

ರಷ್ಯಾದ ವಿದೇಶಾಂಗ ಸಚಿವ ಸಜೋನೊವ್‌ಗೆ ಮೊದಲು ಹೊಳೆದದ್ದು ಭಾಗಶಃ ಜಮಾವಣೆ. ಒಡೆಸ್ಸಾ, ಕೀವ್, ಮಾಸ್ಕೋ, ಕಜಾನ್ ಜಿಲ್ಲೆಗಳಲ್ಲಿ ಮಾತ್ರ ಸೈನ್ಯ ಕರೆದರೆ ಆಸ್ಟ್ರಿಯಾಕ್ಕೆ ಎಚ್ಚರಿಕೆಯಾಗುತ್ತದೆ, ಜರ್ಮನಿ ಬೆಚ್ಚುವುದಿಲ್ಲ ಎಂದು. ಸೇನಾ ಕಚೇರಿಯಲ್ಲಿ ಅಂಥ ಯೋಜನೆಯೇ ಇರಲಿಲ್ಲ. ಅರ್ಧ ಜಮಾವಣೆ ಶುರುಮಾಡಿದರೆ ಆಮೇಲೆ ಪೂರ್ಣ ಜಮಾವಣೆ ಕೆಟ್ಟುಹೋಗುತ್ತದೆ ಎಂದು ಅಧಿಕಾರಿಗಳು ಪಟ್ಟು ಹಿಡಿದರು. 29ರಂದು ಜಾರ್ ನಿಕೊಲಸ್ ಪೂರ್ಣ ಜಮಾವಣೆಗೆ ಒಪ್ಪಿದ. ಆ ರಾತ್ರಿ ಕೈಸರ್‌ನಿಂದ ತಂತಿ ಬಂದ ಮೇಲೆ ತಡೆದ. 30ರ ಮಧ್ಯಾಹ್ನ ಸಜೋನೊವ್ ಹೋಗಿ ಮತ್ತೆ ಒಪ್ಪಿಸಿದ. ಆ ಸಂಜೆ ಆದೇಶ ಹೊರಟಿತು. ಬರ್ಲಿನ್‌ಗೆ ಖಚಿತ ಸುದ್ದಿ ಮುಟ್ಟಿದ್ದು 31ರ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು.

ಅದೇ ಹೊತ್ತಿನ ಬರ್ಲಿನ್ ಕಾಲಂ ನೋಡಿ. 29ರಂದು ಬ್ರಿಟನ್ ಸುಮ್ಮನಿರುವುದಿಲ್ಲ ಎಂಬ ಸೂಚನೆ ಲಂಡನ್‌ನಲ್ಲಿದ್ದ ಜರ್ಮನ್ ರಾಯಭಾರಿ ಲಿಖ್ನೊವ್‌ಸ್ಕಿಯಿಂದ ಬಂತು. ಆ ರಾತ್ರಿ ಬೆತ್‌ಮನ್ ಗಾಬರಿಯಾಗಿ ಮಾತುಕತೆಗೆ ಒಪ್ಪಿ ಎಂದು ವಿಯೆನ್ನಾಕ್ಕೆ ತಂತಿ ಮೇಲೆ ತಂತಿ ಕಳಿಸಿದ. ಮರುದಿನ ಮೋಲ್ಟ್ಕೆ ಅದೇ ವಿಯೆನ್ನಾಕ್ಕೆ, ಕೂಡಲೇ ರಷ್ಯಾದ ವಿರುದ್ಧ ಪೂರ್ಣ ಜಮಾವಣೆ ಮಾಡಿ ಎಂದು ಹೇಳಿ ಕಳಿಸಿದ. ಬರ್ಲಿನ್‌ನಲ್ಲಿ ಆಳುತ್ತಿರುವುದು ಯಾರು, ಮೋಲ್ಟ್ಕೆಯೋ ಬೆತ್‌ಮನ್ನೋ ಎಂದು ಬೆರ್ಕ್‌ಟೋಲ್ಡ್ ಕೇಳಿದ್ದು ಆಗಲೇ. ರಷ್ಯಾದ ಸುದ್ದಿ ಬರುವ ಮೊದಲೇ, 30ರ ಸಂಜೆ, ಮರುದಿನ ಮಧ್ಯಾಹ್ನದೊಳಗೆ ತೀರ್ಮಾನ ಬೇಕೆಂದು ಮೋಲ್ಟ್ಕೆ ಬೆತ್‌ಮನ್‌ನಿಂದ ಒಪ್ಪಿಗೆ ಪಡೆದಿದ್ದ. ಆದ್ದರಿಂದ ರಷ್ಯಾದ ಜಮಾವಣೆಯೇ ಜರ್ಮನಿಯನ್ನು ಎಳೆಯಿತು ಎಂದು ಒಂದೇ ವಾಕ್ಯದಲ್ಲಿ ಮುಗಿಸಬೇಡಿ. ಜರ್ಮನ್ ಸರ್ಕಾರಕ್ಕೆ ತನ್ನ ಜನರ ಮುಂದೆ, ಅದರಲ್ಲೂ ಸಮಾಜವಾದಿ ಪಕ್ಷವಾದ ಸೋಷಿಯಲ್ ಡೆಮಾಕ್ರಟರ ಮುಂದೆ, ರಷ್ಯಾ ಮೊದಲು ಕೈ ಮಾಡಿತು ಎಂದು ತೋರಿಸಬೇಕಿತ್ತು. ಆ ಜಮಾವಣೆ ಅದಕ್ಕೂ ಒದಗಿತು.

ಇನ್ನೊಂದು ಮಾತು. ಜಮಾವಣೆ ಎಂದರೆ ಎಲ್ಲರಿಗೂ ಯುದ್ಧವೆಂದೇ ಅರ್ಥವಲ್ಲ. ರಷ್ಯಾದ ಸೈನ್ಯ ಗಡಿಯಲ್ಲಿ ವಾರಗಟ್ಟಲೆ ನಿಲ್ಲಬಹುದಿತ್ತು. ಫ್ರಾನ್ಸ್ 30ರಂದು ತನ್ನ ಗಡಿ ಪಡೆಗಳನ್ನು 10 ಕಿಲೋಮೀಟರ್ ಹಿಂದೆ ನಿಲ್ಲಿಸಿತು. ಜರ್ಮನಿಗೆ ಮಾತ್ರ ನಿಲ್ಲಲು ಜಾಗವಿರಲಿಲ್ಲ. ನೆದರ್ಲೆಂಡ್ಸ್ ದಾಟುವುದು ಬೇಡ ಎಂದು ಮೋಲ್ಟ್ಕೆ, ತನಗೆ ಮೊದಲಿದ್ದ ಸೇನಾ ಮುಖ್ಯಸ್ಥ ಷ್ಲೀಫನ್‌ನ ಹಳೆಯ ಯೋಜನೆಯನ್ನು ತಿದ್ದಿದ್ದ. ಹಾಗಾಗಿ ಬಲಪಕ್ಕದ ಎರಡು ಸೇನೆಗಳು ಬೆಲ್ಜಿಯಂನ ಲಿಯೆಜ್ ಕೋಟೆನಗರದ ಇಕ್ಕಟ್ಟಿನಲ್ಲೇ ಹಾಯಬೇಕು, ಆ ಊರನ್ನು ಮೊದಲ ದಿನಗಳಲ್ಲೇ ಹಿಡಿಯಬೇಕು. ಇದು ಎಷ್ಟು ಗುಟ್ಟಾಗಿತ್ತೆಂದರೆ ಚಾನ್ಸಲರ್‌ಗೇ ಜುಲೈ 31ರವರೆಗೆ ಗೊತ್ತಿರಲಿಲ್ಲ. ಪೂರ್ವಕ್ಕೆ ಮಾತ್ರ ಸೈನ್ಯ ಕಳಿಸುವ ಬದಲಿ ಯೋಜನೆಯನ್ನು 1913ರಲ್ಲೇ ಕೈಬಿಟ್ಟಿದ್ದರು. ಆಗಸ್ಟ್ 1ರ ಸಂಜೆ, ಬ್ರಿಟನ್ ತಟಸ್ಥವಾಗಿರಬಹುದು ಎಂಬ ತಪ್ಪು ಸುದ್ದಿ ಬಂದಾಗ ಕೈಸರ್ ಎಲ್ಲ ಸೈನ್ಯವನ್ನೂ ಪೂರ್ವಕ್ಕೆ ತಿರುಗಿಸಿ ಎಂದ. ಅದು ಆಗದ ಮಾತು ಎಂದು ಮೋಲ್ಟ್ಕೆ ಹೇಳಬೇಕಾಗಿ ಬಂದದ್ದು ಇದರಿಂದಲೇ.

ಉಳಿದದ್ದು ಬೇಗ ತುಂಬುತ್ತದೆ. ಆಗಸ್ಟ್ 1 ಜರ್ಮನಿ ರಷ್ಯಾದ ಮೇಲೆ, 3 ಫ್ರಾನ್ಸ್ ಮೇಲೆ ಯುದ್ಧ ಘೋಷಣೆ. 4 ಬೆಲ್ಜಿಯಂಗೆ ನುಗ್ಗಿದ್ದು, ಬೆಲ್ಜಿಯಂನ ತಟಸ್ಥತೆಗೆ ಖಾತರಿ ಕೊಟ್ಟ 1839ರ ಒಪ್ಪಂದದ ಮೇಲೆ ಬ್ರಿಟನ್ ಪ್ರವೇಶ. ಆಸ್ಟ್ರಿಯಾ ರಷ್ಯಾದ ಮೇಲೆ ಘೋಷಿಸಿದ್ದು 6ಕ್ಕೆ. ಜಗಳದ ಮೂಲ ಪಕ್ಷವೇ ಜರ್ಮನಿಗಿಂತ ಐದು ದಿನ ತಡ. ಜರ್ಮನಿ, ಆಸ್ಟ್ರಿಯಾಗಳ ಜೊತೆ ತ್ರಿಮೈತ್ರಿ ಕೂಟದಲ್ಲಿದ್ದ ಇಟಲಿ, ಒಪ್ಪಂದ ರಕ್ಷಣೆಗೆ ಮಾತ್ರ ಎಂದು ಹೊರಗುಳಿಯಿತು. ಒಪ್ಪಂದಗಳ ಸರಪಳಿ ತಾನಾಗಿ ಎಲ್ಲರನ್ನೂ ಎಳೆಯಿತು ಎಂಬ ವಿವರಣೆಗೆ ಇಟಲಿಯೊಂದೇ ಸಾಕಾದ ಉತ್ತರ.

ಕಾಗದಪತ್ರಗಳ ಎಚ್ಚರಿಕೆ

ಯುದ್ಧ ಶುರುವಾದ ಕೂಡಲೇ ಪ್ರತಿ ಸರ್ಕಾರವೂ ತನ್ನ ನಿರಪರಾಧಿತ್ವ ತೋರಿಸಲು ದಾಖಲೆಗಳ ಸಂಕಲನ ಅಚ್ಚುಹಾಕಿತು. ಜರ್ಮನಿಯದು ಬಿಳಿ ಪುಸ್ತಕ, ಬ್ರಿಟನ್‌ನದು ನೀಲಿ, ಫ್ರಾನ್ಸ್‌ನದು ಹಳದಿ, ರಷ್ಯಾದ್ದು ಕಿತ್ತಳೆ. ಇವು ಈಗಲೂ ಅಂತರ್ಜಾಲದಲ್ಲಿ ಸುಲಭವಾಗಿ ಸಿಗುವುದರಿಂದ ವಿದ್ಯಾರ್ಥಿಗಳು ಅವನ್ನೇ ಮೂಲ ಆಕರವೆಂದು ಉಲ್ಲೇಖಿಸುತ್ತಾರೆ. ಹಳದಿ ಪುಸ್ತಕದ 118ನೆಯ ದಾಖಲೆ ನೋಡಿ. ಪೀಟರ್ಸ್‌ಬರ್ಗ್‌ನ ಫ್ರೆಂಚ್ ರಾಯಭಾರಿ ಜುಲೈ 31ರಂದು ಕಳಿಸಿದ್ದು ರಷ್ಯಾದ ಪೂರ್ಣ ಜಮಾವಣೆಗೆ ಆದೇಶವಾಗಿದೆ ಎಂಬ ಒಂದು ಸಾಲು. ಅಚ್ಚಾದದ್ದರಲ್ಲಿ, ಆಸ್ಟ್ರಿಯಾದ ಪೂರ್ಣ ಜಮಾವಣೆಯ ಕಾರಣದಿಂದ ಎಂಬ ಅರ್ಥದ ಮಾತು ಸೇರಿಕೊಂಡಿತು. ನಿಮ್ಮ ಕೋಷ್ಟಕ ಸರಿಯಾಗಿದ್ದರೆ ಸುಳ್ಳು ತಕ್ಷಣ ಸಿಕ್ಕಿಬೀಳುತ್ತದೆ: ರಷ್ಯಾದ ಆದೇಶ 30ರದ್ದು, ಆಸ್ಟ್ರಿಯಾದ್ದು 31ರದ್ದು.

ಆದ್ದರಿಂದ ಯುದ್ಧಾನಂತರ ಪ್ರಕಟವಾದ ದೊಡ್ಡ ಸಂಕಲನಗಳಿಗೆ ಹೋಗಿ. ಕಾರ್ಲ್ ಕೌಟ್ಸ್ಕಿ ಸಂಗ್ರಹಿಸಿದ ಜರ್ಮನ್ ದಾಖಲೆಗಳು 1919ರಲ್ಲಿ ಬಂದವು. ಅವುಗಳಲ್ಲಿ ತಂತಿ ಹೊರಟ ಮತ್ತು ತಲುಪಿದ ಹೊತ್ತುಗಳಿವೆ, ಕೈಸರ್ ಅಂಚಿನಲ್ಲಿ ಗೀಚಿದ ಟಿಪ್ಪಣಿಗಳೂ ಇವೆ. ಬ್ರಿಟನ್‌ನ 11 ಸಂಪುಟಗಳು 1926ರಿಂದ ಬಂದವು. ಇವುಗಳ ಹಿಂದೆಯೂ ಉದ್ದೇಶವಿತ್ತು ಎಂಬುದನ್ನು ಮರೆಯಬೇಡಿ. 1919ರ ವರ್ಸೇಲ್ಸ್ ಒಪ್ಪಂದದ 231ನೆಯ ವಿಧಿ ಹೊಣೆಯನ್ನು ಜರ್ಮನಿ ಮತ್ತು ಅದರ ಮಿತ್ರರ ಮೇಲೆ ಹೊರಿಸಿತ್ತು. ಅದನ್ನು ಅಲ್ಲಗಳೆಯಲೆಂದೇ ಜರ್ಮನ್ ವಿದೇಶಾಂಗ ಇಲಾಖೆ ಒಂದು ವಿಭಾಗ ತೆರೆದು, 1871ರಿಂದ ಹಿಡಿದು 40 ಸಂಪುಟಗಳ ಸರಣಿ ಹೊರತಂದಿತು. ಸೇನಾ ದಾಖಲೆಗಳ ಕತೆ ಬೇರೆ: ಪ್ರಷ್ಯನ್ ಸೇನೆಯ ಕಡತಗಳಲ್ಲಿ ಬಹುಭಾಗ 1945ರ ಏಪ್ರಿಲ್‌ನಲ್ಲಿ ಪಾಟ್ಸ್‌ಡಾಮ್ ಮೇಲಿನ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಷ್ಲೀಫನ್ ಯೋಜನೆಯ ಬಗ್ಗೆ ಇಂದಿಗೂ ವಾದ ಮುಗಿಯದಿರಲು ಅದೂ ಒಂದು ಕಾರಣ. ಇನ್ನು ಆತ್ಮಕಥೆಗಳು. ಅವನ್ನು ಕೊನೆಗೆ ಓದಿ, ಕೋಷ್ಟಕಕ್ಕೆ ಹಾಕುವಾಗ ಬೇರೆ ಬಣ್ಣದ ಶಾಯಿ ಬಳಸಿ.

ಯಾರ ತಪ್ಪು ಎಂಬ ವಾದವನ್ನು ಇದೇ ಹದದಲ್ಲಿ ತೂಗಬಹುದು. 1961ರಲ್ಲಿ ಫ್ರಿಟ್ಜ್ ಫಿಷರ್ ಜರ್ಮನಿಯ ವಿಸ್ತರಣಾ ಗುರಿಗಳನ್ನು ಮುಂದಿಟ್ಟು ಜರ್ಮನ್ ಇತಿಹಾಸಕಾರರ ನಡುವೆ ದೊಡ್ಡ ಜಗಳವನ್ನೇ ಎಬ್ಬಿಸಿದ. ಅವನ ಕೈಯಲ್ಲಿದ್ದ ಮುಖ್ಯ ಕಾಗದಗಳಲ್ಲಿ ಒಂದು ಬೆತ್‌ಮನ್‌ನ ಗುರಿಪಟ್ಟಿ. ಅದರ ತಾರೀಖು 1914ರ ಸೆಪ್ಟೆಂಬರ್ 9, ಯುದ್ಧ ಶುರುವಾಗಿ ಐದು ವಾರದ ಮೇಲೆ. ಜುಲೈನ ಮನಸ್ಸಿಗೆ ಅದು ನೇರ ಸಾಕ್ಷಿಯಾಗದು. ಜುಲೈ 5 ಮತ್ತು 6ರ ಮಾತು ನೇರ ಸಾಕ್ಷಿ. ನನ್ನ ತೀರ್ಮಾನ ಹೇಳುವುದಾದರೆ: ಸಣ್ಣ ಯುದ್ಧ ಬೇಕೆಂದೇ ಆರಿಸಿಕೊಂಡವರು ವಿಯೆನ್ನಾದವರು. ಅದು ದೊಡ್ಡದಾಗುವ ಅಪಾಯ ತಿಳಿದೂ ಬೆನ್ನು ತಟ್ಟಿದವರು ಬರ್ಲಿನ್‌ನವರು. ಹೆಚ್ಚಿನ ಭಾರ ಈ ಎರಡು ಊರಿನ ಮೇಲಿದೆ. ರಷ್ಯಾ 30ರಂದು ಉಳಿದ ಒಂದೆರಡು ದಿನದ ಅವಕಾಶವನ್ನು ಕಳೆಯಿತು. ಗ್ರೇ ಇದ್ದ ಸಚಿವ ಸಂಪುಟದಲ್ಲಿ ಒಡಕಿದ್ದುದರಿಂದ ಬ್ರಿಟನ್ ಹೇಳಬೇಕಾದ್ದನ್ನು ತಡವಾಗಿ ಹೇಳಿತು. ಒಪ್ಪದಿದ್ದರೆ ನಿಮ್ಮ ಕೋಷ್ಟಕದ ಸಾಲು ತೋರಿಸಿ ವಾದಿಸಿ.

ಮೊದಲ ತಿಂಗಳುಗಳ ಯುದ್ಧ

ಊರುಗಳ ಹೆಸರಿನ ರಾಶಿ ಎಂದಿರಿ. ಕದನಗಳನ್ನು ಬಿಟ್ಟು ರೈಲು, ರಸ್ತೆ, ನದಿ ತೋರಿಸುವ ಭೂಪಟದಿಂದ ಶುರುಮಾಡಿ. ಮ್ಯೂಸ್, ಸಾಂಬ್ರ್, ಮಾರ್ನ್, ಏನ್ ನದಿಗಳನ್ನು ಕೈಯಾರೆ ಬರೆಯಿರಿ. ಆಮೇಲೆ ಆಗಸ್ಟ್ 4ರಿಂದ ಮೂರು ಮೂರು ದಿನಕ್ಕೊಮ್ಮೆ ಎರಡೂ ಕಡೆಯ ಸೇನೆಗಳ ಸ್ಥಾನ ಗುರುತಿಸಿ. ಪಶ್ಚಿಮದಲ್ಲಿ ಜರ್ಮನಿಯದು ಏಳು ಸೇನೆ, ಫ್ರಾನ್ಸ್‌ನದು ಐದು. ಬ್ರಿಟನ್‌ನದು ಮೊದಲಿಗೆ ನಾಲ್ಕು ಪದಾತಿ ಡಿವಿಜನ್ ಮತ್ತು ಒಂದು ಅಶ್ವದಳ ಡಿವಿಜನ್ ಮಾತ್ರ.

ಲಿಯೆಜ್ ನಗರ 7ಕ್ಕೆ ಬಿತ್ತು, ಸುತ್ತಲಿನ 12 ಕೋಟೆಗಳು 42 ಸೆಂಟಿಮೀಟರ್ ಬಾಯಿಯ ಫಿರಂಗಿಗಳು ಬಂದ ಮೇಲೆ 16ರೊಳಗೆ ಮುಗಿದವು. ದಾರಿಯುದ್ದಕ್ಕೂ ಜರ್ಮನ್ ಪಡೆಗಳು ಬೆಲ್ಜಿಯಂ ಮತ್ತು ಫ್ರಾನ್ಸ್‌ನಲ್ಲಿ ಸುಮಾರು 6,500 ನಾಗರಿಕರನ್ನು ಕೊಂದವು, ಡಿನಾನ್ ಊರೊಂದರಲ್ಲೇ 674 ಮಂದಿ. ಯುದ್ಧಕಾಲದ ಪ್ರಚಾರದಲ್ಲಿ ಇದಕ್ಕೆ ಕಟ್ಟುಕತೆಗಳು ಸೇರಿಕೊಂಡವು. ಆ ಕಟ್ಟುಕತೆಗಳನ್ನು ತೋರಿಸಿ ಕೊಲೆಗಳೂ ಸುಳ್ಳು ಎಂದವರ ಬಲೆಗೆ ಬೀಳಬೇಡಿ.

ಫ್ರಾನ್ಸ್ ಅದೇ ಹೊತ್ತಿಗೆ ಲೊರೇನ್, ಆರ್ಡೆನ್ ಕಡೆ ನುಗ್ಗಿತು. ಆಗಸ್ಟ್ 22 ಒಂದೇ ದಿನ ಸುಮಾರು 27,000 ಫ್ರೆಂಚ್ ಸೈನಿಕರು ಸತ್ತರು. ಕೆಂಪು ಪ್ಯಾಂಟು, ಹುಚ್ಚು ಆವೇಶ ಎಂದು ಬರೆದು ಮುಗಿಸುವವರೇ ಹೆಚ್ಚು. ರೊಸಿನ್ಯೋಲ್ ಎಂಬ ಹಳ್ಳಿಯ ಕದನವನ್ನು ಬಿಡಿಸಿ ಓದಿದರೆ ಕಾರಣಗಳು ಕಾಣುತ್ತವೆ. ಮಂಜು ಕವಿದ ಬೆಳಿಗ್ಗೆ, ದಟ್ಟ ಕಾಡಿನ ನಡುವೆ ಒಂದೇ ರಸ್ತೆ, ಶತ್ರು ದೂರವಿದ್ದಾನೆ ಎಂಬ ತಪ್ಪು ಮಾಹಿತಿ, ಸಾಲುಗಟ್ಟಿ ಬಂದ ಡಿವಿಜನ್. ಫ್ರೆಂಚರ 75 ಮಿಲಿಮೀಟರ್ ಫಿರಂಗಿ ನೇರಕ್ಕೆ ಹೊಡೆಯುವಂಥದು, ದಿಣ್ಣೆ ಮರೆಯಲ್ಲಿದ್ದವರಿಗೆ ತಾಗದು. ಜರ್ಮನರ ಹೊವಿಟ್ಜರ್ ಮೇಲಿಂದ ಬೀಳುವಂಥದು.

ಸೆಪ್ಟೆಂಬರ್ ಮೊದಲಲ್ಲಿ ಜರ್ಮನರ ಮುನ್ನಡೆ ನಿಂತ ಮಾರ್ನ್ ಕದನಕ್ಕೆ ಬನ್ನಿ. ಪ್ಯಾರಿಸ್ಸಿನ ಟ್ಯಾಕ್ಸಿಗಳು ಗೆಲ್ಲಿಸಿದವು ಎಂಬ ಕತೆ ಬಿಡಿ, ಅವು ಸಾಗಿಸಿದ್ದು ಕೆಲವು ಸಾವಿರ ಜನರನ್ನು. ಮೋಲ್ಟ್ಕೆ ಬಲಪಕ್ಕವನ್ನು ದುರ್ಬಲ ಮಾಡಿದ್ದರಿಂದ ಸೋತರು ಎಂಬ ಮಾತನ್ನೂ ಪರೀಕ್ಷಿಸಿಯೇ ಒಪ್ಪಿ, ಅದನ್ನು ಜೋರಾಗಿ ಹೇಳಿದವರು ಯುದ್ಧದ ನಂತರ ಷ್ಲೀಫನ್‌ನ ಶಿಷ್ಯರು. ಪೂರೈಕೆಯ ಲೆಕ್ಕ ತೆಗೆಯಿರಿ. ಜರ್ಮನ್ ಬಲಪಕ್ಕದ ತುದಿಯಲ್ಲಿದ್ದ ಜನರಲ್ ಕ್ಲುಕ್‌ನ 1ನೆಯ ಸೇನೆಯಲ್ಲಿ 84,000 ಕುದುರೆಗಳು. ದಿನಕ್ಕೆ ಸುಮಾರು 900 ಟನ್ ಮೇವು ಬೇಕು. ಬೆಲ್ಜಿಯನ್ನರು ಸುರಂಗ, ಸೇತುವೆ ಒಡೆದಿದ್ದರಿಂದ ರೈಲು ಸೈನ್ಯದ ಹಿಂದೆಯೇ ಬರಲಾಗಲಿಲ್ಲ, ಲಾರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೆಟ್ಟು ನಿಂತಿದ್ದವು. ಸೈನಿಕರು ಮೂರು ವಾರ ದಿನಕ್ಕೆ 20 ಕಿಲೋಮೀಟರ್‌ಗೂ ಮಿಕ್ಕಿ ನಡೆದಿದ್ದರು. ಫ್ರೆಂಚ್ ಸೇನಾಪತಿ ಝೋಫ್ರ್ ಮಾತ್ರ ತನ್ನದೇ ರೈಲುಗಳಲ್ಲಿ ಲೊರೇನ್‌ನಿಂದ ಪಡೆ ಕಿತ್ತು ಪ್ಯಾರಿಸ್ ಕಡೆ ಸಾಗಿಸುತ್ತಿದ್ದ. ಕ್ಲುಕ್ ಪ್ಯಾರಿಸ್ಸಿನ ಪೂರ್ವಕ್ಕೆ ಹಾದು, ಪಕ್ಕದಿಂದ ಬಂದ ಹೊಡೆತಕ್ಕೆ ತಿರುಗಿ ನಿಂತಾಗ ಅವನಿಗೂ ಬ್ಯೂಲೋನ 2ನೆಯ ಸೇನೆಗೂ ನಡುವೆ ಸುಮಾರು 40 ಕಿಲೋಮೀಟರ್ ತೆರವಾಯಿತು. ಬ್ರಿಟಿಷರೂ ಫ್ರೆಂಚ್ 5ನೆಯ ಸೇನೆಯೂ ಅದರೊಳಗೆ ಬಂದವು. ಮೋಲ್ಟ್ಕೆ ದೂರದ ಲಕ್ಸೆಂಬರ್ಗ್‌ನಲ್ಲಿದ್ದ, ಸುದ್ದಿ ಬರುವುದೇ ಕಷ್ಟ. ಅವನು ಕಳಿಸಿದ ಲೆಫ್ಟಿನೆಂಟ್ ಕರ್ನಲ್ ಹೆಂಟ್ಷ್ ಸೆಪ್ಟೆಂಬರ್ 8 ಮತ್ತು 9ರಂದು ಸೇನೆಯಿಂದ ಸೇನೆಗೆ ಹೋಗಿ ಹಿಂದೆಗೆತಕ್ಕೆ ಒಪ್ಪಿಗೆ ಕೊಟ್ಟ. 14ಕ್ಕೆ ಮೋಲ್ಟ್ಕೆಯ ಜಾಗಕ್ಕೆ ಫಾಲ್ಕೆನ್‌ಹೈನ್ ಬಂದ.

ಪೂರ್ವವನ್ನು ಬಿಟ್ಟರೆ ಓದು ಕುಂಟುತ್ತದೆ. ಫ್ರಾನ್ಸ್‌ಗೆ ಕೊಟ್ಟ ಮಾತಿಗಾಗಿ ರಷ್ಯಾ ಪೂರ್ತಿ ಸಿದ್ಧವಾಗುವ ಮೊದಲೇ ಜರ್ಮನಿಯ ಪೂರ್ವ ಪ್ರಷ್ಯಕ್ಕೆ ಎರಡು ಸೇನೆ ನುಗ್ಗಿಸಿತು. ನಡುವೆ ಮಸೂರಿಯನ್ ಸರೋವರಗಳು, ರೇಡಿಯೊ ಸಂದೇಶಗಳಲ್ಲಿ ಎಷ್ಟೋ ಸಂಕೇತವಿಲ್ಲದೆ ತೆರೆದೇ ಹೋಗುತ್ತಿದ್ದವು. ಆಗಸ್ಟ್ 26ರಿಂದ 30ರವರೆಗಿನ ಟಾನೆನ್‌ಬರ್ಗ್ ಕದನದಲ್ಲಿ ರಷ್ಯಾದ ಜನರಲ್ ಸಮ್ಸೊನೊವ್‌ನ ಸೇನೆ ನಾಶವಾಯಿತು, ಸುಮಾರು 92,000 ಜನ ಸೆರೆಯಾದರು. ಪಶ್ಚಿಮದಿಂದ ಮೋಲ್ಟ್ಕೆ ಕಿತ್ತು ಕಳಿಸಿದ ಎರಡು ಕೋರ್‌ಗಳು (ಕೆಲವು ಡಿವಿಜನ್‌ಗಳು ಸೇರಿದ ಪಡೆ) ಬಂದು ಇಳಿಯುವಷ್ಟರಲ್ಲಿ ಆ ಕದನ ಮುಗಿದಿತ್ತು. ಮಾರ್ನ್‌ನಲ್ಲಿ ಅವು ಇರಲಿಲ್ಲ.

ಕಾರಣಗಳಿಗೂ ಕದನಗಳಿಗೂ ಗಂಟು ಬಿದ್ದಿರುವುದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಆಸ್ಟ್ರಿಯಾದಲ್ಲಿ. ಸರ್ಬಿಯಾವನ್ನು ಶಿಕ್ಷಿಸಬೇಕೆಂಬ ಜುಲೈನ ಹಟದಲ್ಲಿ ಕೊನ್ರಾಡ್ ತನ್ನ 2ನೆಯ ಸೇನೆಯನ್ನು ದಕ್ಷಿಣಕ್ಕೆ ಹೊರಡಿಸಿದ್ದ. ರಷ್ಯಾ ಬರುವುದು ಖಚಿತವಾದಾಗ ಅದನ್ನು ರಷ್ಯಾದ ಗಡಿಯ ಆಸ್ಟ್ರಿಯನ್ ಪ್ರಾಂತ್ಯ ಗಲೀಷಿಯಾಕ್ಕೆ ತಿರುಗಿಸಿ ಎಂದ. ದಾರಿಯಲ್ಲಿ ತಿರುಗಿಸಿದರೆ ಎಲ್ಲ ಕೆಡುತ್ತದೆ, ಮೊದಲು ಸರ್ಬಿಯಾದ ಗಡಿಗೆ ಹೋಗಿ ಇಳಿದು ಮತ್ತೆ ಹತ್ತಲಿ ಎಂದರು ರೈಲು ವಿಭಾಗದವರು. ಆ ಸೇನೆಯ ಬಹುಭಾಗ ಆಗಸ್ಟ್ 18ರಿಂದ ಮತ್ತೆ ರೈಲು ಹತ್ತಿತು. ಸರ್ಬಿಯಾದ ಸೆರ್ ಬೆಟ್ಟದ ಕದನದಲ್ಲಿ ಅದು ಸರಿಯಾಗಿ ಒದಗಲಿಲ್ಲ, ಗಲೀಷಿಯಾಕ್ಕೆ ತಡವಾಗಿ ಬಂತು. ಎರಡೂ ಕಡೆ ಸೋಲಾಯಿತು, ಸೆಪ್ಟೆಂಬರ್ 3ಕ್ಕೆ ರಷ್ಯನ್ನರು ಗಲೀಷಿಯಾದ ರಾಜಧಾನಿ ಲೆಂಬರ್ಗ್ ಹೊಕ್ಕರು.

ನಮ್ಮ ಕಡೆಯ ಎಳೆಯನ್ನೂ ಕೋಷ್ಟಕಕ್ಕೆ ಸೇರಿಸಿ. ಭಾರತದ ಲಾಹೋರ್ ಡಿವಿಜನ್ ಮಾರ್ಸೇಲ್ಸ್‌ಗೆ ಇಳಿದದ್ದು ಸೆಪ್ಟೆಂಬರ್ 26ಕ್ಕೆ. ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಮ್ಡೆನ್ ಹಡಗು ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾರಿಸಿತು. ಮೈಸೂರು ಲ್ಯಾನ್ಸರ್ಸ್ ಎಂದರೆ ನಮಗೆ 1918ರ ಹೈಫಾ ಕದನ ನೆನಪಾಗುತ್ತದೆ. ಆದರೆ ಆ ಪಡೆ ಈಜಿಪ್ಟಿಗೆ ಹೋದದ್ದು ಯುದ್ಧದ ಮೊದಲ ತಿಂಗಳುಗಳಲ್ಲೇ, ಸೂಯೆಜ್ ಕಾಲುವೆಯ ಕಾವಲಿಗೆ.

ಪಶ್ಚಿಮದ ಕಾಲಂ ಅನ್ನು ನವೆಂಬರ್ 22ಕ್ಕೆ, ಮೊದಲ ಇಪ್ರ್ ಕದನ ಮುಗಿದಲ್ಲಿ ನಿಲ್ಲಿಸಬಹುದು. ಅಷ್ಟರಲ್ಲಿ ಕಂದಕದ ಸಾಲು ಸ್ವಿಟ್ಜರ್ಲೆಂಡ್‌ನಿಂದ ಸಮುದ್ರದವರೆಗೆ ಮುಟ್ಟಿತ್ತು. ಸರ್ಬಿಯಾದ ಕಾಲಂ ಡಿಸೆಂಬರ್ 15ರವರೆಗೆ ಹೋಗಬೇಕು: ಡಿಸೆಂಬರ್ 2ಕ್ಕೆ ಆಸ್ಟ್ರಿಯನ್ನರು ಬೆಲ್‌ಗ್ರೇಡ್ ಹಿಡಿದರು, ಹದಿಮೂರು ದಿನಕ್ಕೆ ಸರ್ಬಿಯನ್ನರು ಅದನ್ನು ಮತ್ತೆ ಕಿತ್ತುಕೊಂಡರು.